ಇಲಿ ಕಡಿದ ತಂತಿ

ಮತ್ತೆ ಬಿದ್ದಳು ಕಡ್ಡಿರಾಣಿ — ಮೊದಲು ನೇರಳೆ ಟೋಪಿ, ಆಮೇಲೆ ಮಂತ್ರದಂಡ, ಕೊನೆಗೆ ಎರಡು ಪುಟಾಣಿ ಬೂಟು, ಟಿವಿಯ ಕೆಳಗಂಚಿನಲ್ಲಿ ಮಾಯ, ಹಿಂದೆಯೇ ಆ ದರಿದ್ರ ರಾಗ, ಟುಂಯ್ ಟುಂಯ್ ಟೊಂಯ್, ಬಿದ್ದವರನ್ನು ಅಣಕಿಸಲೆಂದೇ ಯಾರೋ ಪುಣ್ಯಾತ್ಮ ಕೂತು ಹೊಸೆದದ್ದು, ಅವನಿಗೆ ಬೇರೆ ಕೆಲಸ ಇರಲಿಲ್ಲವೇ, ಆಟದಲ್ಲಿ ಇನ್ನುಳಿದದ್ದು ಒಂದೇ ಜೀವ, ಇದೂ ಹೋದರೆ ಮತ್ತೆ ಮೊದಲ ಕೋಟೆಯಿಂದ, ಬೆಳಿಗ್ಗೆ ಒಂಬತ್ತರಿಂದ ಸೊಂಟ ಮುರಿದುಕೊಂಡು ಗೆದ್ದ ಆರು ಕೋಟೆಗಳು ನೀರಲ್ಲಿ ಮಾಡಿದ ಹೋಮ, ವಾರಕ್ಕೊಂದು ರಜೆ ಅದೂ ಹೀಗೆ, ನಾಳೆಯಿಂದ ಮತ್ತೆ ಕನ್ನಡಕದ ಅಂಗಡಿ, ಇದರಲ್ಲಿ ಚೆನ್ನಾಗಿ ಕಾಣತ್ತಾ ಅದರಲ್ಲಾ, ಇದರಲ್ಲಾ ಅದರಲ್ಲಾ — ಅವಳು ಹಿಂದೆ ತಿರುಗಿ ನೋಡಿದಳು, ನೋಡಬಾರದು ಅಂದುಕೊಂಡೇ ನೋಡಿದಳು, ಮಂಚದ ಮೇಲೆ ದಿಂಬಿಗೊರಗಿ ಅಜ್ಜಿ, ಬಾಯಿಯ ಎಡಮೂಲೆ ಕೊಂಚ ಜಾರಿ, ತುಟಿ ಅಲುಗಲಿಲ್ಲ, ಎರಡು ತಿಂಗಳಾಯಿತು ಲಕ್ವ ಹೊಡೆದು, ಒಂದು ಹ್ಞೂಂ ಇಲ್ಲ ಊಹೂಂ ಇಲ್ಲ, ಕತೆ ಹೇಳುತ್ತಾ ಮೂರು ಸಲ ಹಾಲು ಸೀಯಿಸಿ ಅಮ್ಮನ ಕೈಲಿ ಬೈಸಿಕೊಂಡ ಅಜ್ಜಿ ಇವಳೇನಾ, ಮಾತು ಕಲಿಸಲು ಬರುವ ಮೇಡಂ ಅಂದಿದ್ದರು ಒತ್ತಾಯ ಮಾಡಬೇಡಿ, ಹಳೇ ರೂಢಿಯ ಮಾತು ಯಾವುದಾದರೂ ಇದ್ದರೆ ಅದರ ಜಾಗದಲ್ಲಿ ತಾನಾಗಿ ಬಂದರೂ ಬಂದೀತು, ಯಾವ ಮಾತು ಅಂತ ಅಮ್ಮ ತಲೆ ಕೆರೆದುಕೊಂಡಳು, ಇವಳಿಗೆ ಮಾತ್ರ ತಟ್ಟನೆ ಹೊಳೆಯಿತು, ಈಗ ಅನ್ನುವ ಮಾತು, ಏಳನೇ ಕೋಟೆ, ತೂಗಾಡುವ ಗಂಟೆ, ಬೆನ್ನ ಹಿಂದಿನಿಂದ ಅಜ್ಜಿಯ ಆ ಒಂದು ಮಾತು, ಈಗ! — ಅದು ಕಿವಿಗೆ ಬಿದ್ದರೆ ಹಾರಬೇಕು, ಬೀಳದಿದ್ದರೆ ನಿಲ್ಲಬೇಕು, ಹತ್ತನೇ ವಯಸ್ಸಿನಿಂದ ಹಾಗೇ ಆಡಿದ್ದು, ಅಟ್ಟದಿಂದ ಆಟದ ಪೆಟ್ಟಿಗೆ ಇಳಿಸಿ ಧೂಳು ಕುಡಿದು ಎಂಟು ಸಲ ಸೀನಿದ್ದೂ ಆ ಒಂದು ಮಾತಿಗೇ, ಅಣ್ಣ ಫೋನಿನಲ್ಲಿ ಕೇಳುತ್ತಾನೆ ಮಾತಾಡಿದ್ಲಾ, ಇಲ್ಲ ಕಣೋ, ಆಟ ಬಿಟ್ಟು ಮಾತ್ರೆ ಕೊಡೇ ಮೊದಲು, ಕೊಟ್ಟಾಯ್ತು ಮಹಾರಾಯ ಇಡು ಫೋನು, ಅಲ್ಲಿ ಕೂತು ಉಪದೇಶ ಬೇರೆ, ಆಟದ ಎರಡನೇ ರಿಮೋಟಿನ ತಂತಿಯನ್ನು ಇಲಿ ಕಡಿದು ಹಾಕಿದಾಗ ಇವನೇ ತಾನೇ ಕಿವಿಯಲ್ಲಿ ಪಿಸುಗುಟ್ಟಿದ್ದು, ಇದನ್ನ ಅಜ್ಜಿ ಕೈಗೆ ಕೊಡೋಣ ಕಣೇ, ತಾನೂ ಆಡ್ತಿದೀನಿ ಅಂದ್ಕೊಳ್ತಾಳೆ, ಹೇಳಬೇಡ, ಹೇಳಲಿಲ್ಲ, ಹದಿನಾಲ್ಕು ವರ್ಷ ಯಾರೂ ಹೇಳಲಿಲ್ಲ, ಮಡಿಲಲ್ಲಿ ಮೊಂಡು ತಂತಿ ಇಲಿಬಾಲದ ಹಾಗೆ ನೇತಾಡುತ್ತಿದ್ದರೂ ಅಜ್ಜಿ ಗತ್ತಿನಿಂದ ಗುಂಡಿ ಒತ್ತುತ್ತಿದ್ದಳು, ನೋಡಿದ್ಯಾ ಹೇಗೆ ಎಗರಿಸಿದೆ ನಿನ್ನ ಕಡ್ಡಿರಾಣೀನ, ನಿನಗೆಲ್ಲಿ ಬರಬೇಕು, ನಾನಿಲ್ಲದಿದ್ದರೆ ಮೊದಲನೇ ಹಳ್ಳಕ್ಕೇ ಗೋತಾ, ಎರಡನೇ ಕೋಟೆಯ ರಾಕ್ಷಸನಿಗೆ ಬೆಂಕಿಯುಂಡೆ ಎಸೆದೆಸೆದು ಇವಳ ಹೆಬ್ಬೆರಳಲ್ಲಿ ಬೊಬ್ಬೆ ಎದ್ದಾಗ, ಅಯ್ಯೋ ಪೆದ್ದೀ, ರಾಕ್ಷಸನ ಪ್ರಾಣ ರಾಕ್ಷಸನಲ್ಲಿ ಇರತ್ತೇನೇ, ಮೂಲೆಯ ಆ ಹಕ್ಕಿಗೆ ಹೊಡಿ, ಹೊಡೆದಳು, ಸತ್ತ, ಅಣ್ಣ ಬಾಯಿ ತೆರೆದವನು ಮುಚ್ಚಲಿಲ್ಲ —

ಸರಿ, ಕೊನೆಯ ಜೀವ, ಕಡ್ಡಿರಾಣಿ ಕಲ್ಲಿನ ಅಂಚಿನಲ್ಲಿ ನಿಂತಿದ್ದಾಳೆ, ಗಂಟೆ ಹೋಗುತ್ತದೆ ಬರುತ್ತದೆ, ಅದು ಅತ್ತ ಹೋದಾಗಲೇ ಹಾರಬೇಕು, ಯಾವಾಗ ಅನ್ನುವುದು ಗೊತ್ತಿದ್ದರೆ ಐದು ಸಲ ಯಾಕೆ ಬೀಳುತ್ತಿದ್ದೆ, ಹೇಳಜ್ಜಿ, ಒಂದೇ ಒಂದು ಮಾತು, ನೂರು ರಾಜಕುಮಾರಿಯರ ಮದುವೆ ಮಾಡಿಸಿದ ಬಾಯಿಗೆ ಇಷ್ಟೊಂದು ಜಿಪುಣತನವೇ, ಎಷ್ಟು ಹೊತ್ತೇ ಅದು ಕಣ್ಣು ಹೋಗತ್ತೆ ಅಂತ ಅಮ್ಮ ಒಳಗಿನಿಂದ, ಹೋದರೆ ಹೋಗಲಿ ಕನ್ನಡಕದ ಅಂಗಡಿಯಲ್ಲೇ ಇದೀನಲ್ಲ, ಸಮಯ ತೊಂಬತ್ತು, ಎಂಬತ್ತೊಂಬತ್ತು, ಗುಂಡಿ ಒತ್ತದೆ ಬಿಟ್ಟರೆ ಕಡ್ಡಿರಾಣಿಗೆ ಸಿಟ್ಟು, ಇತ್ತ ತಿರುಗಿ ಸೊಂಟಕ್ಕೆ ಕೈಯಿಟ್ಟು ಬೂಟು ಕುಟ್ಟುತ್ತಾಳೆ, ಟಕ್ ಟಕ್, ಕುಟ್ಟಮ್ಮ ನೀನೂ ಕುಟ್ಟು, ಎಲ್ಲರೂ ನನ್ನ ತಲೆ ಕುಟ್ಟುವವರೇ, ಈ ಮನೆಯಲ್ಲಿ ಒಬ್ಬರಾದರೂ — ಜಗಳಕ್ಕೆಂದೇ ಗರ್ರನೆ ತಿರುಗಿದಳು, ತುಟಿ ಹಾಗೇ ಇದೆ, ಆದರೆ ಕೆಳಗೆ, ಮಡಿಲಲ್ಲಿ, ಬೆಳಿಗ್ಗೆ ಸುಮ್ಮನೆ ಕೈಗಿಟ್ಟಿದ್ದ ಆ ಸತ್ತ ರಿಮೋಟಿನ ಮೇಲೆ ಅಜ್ಜಿಯ ಹೆಬ್ಬೆರಳು, ಒತ್ತಿತು, ಎದ್ದಿತು, ಟಿವಿಯತ್ತ ಕಣ್ಣು ಹಾಯಿಸಿದಳು, ಗಂಟೆ ಬಂತು ಹೋಯಿತು, ಒತ್ತಿತು, ಇಲಿ ಕಡಿದ ತಂತಿಯ ತುದಿ ಕಂಪಿಸಿತು, ಪ್ರತಿ ಸಲ ಗಂಟೆ ಅತ್ತ ತಲುಪಿದಾಗಲೇ, ಕೂದಲೆಳೆಯಷ್ಟೂ ತಪ್ಪಿಲ್ಲ, ಎಷ್ಟು ಹೊತ್ತಿನಿಂದ ಹೀಗೆ, ಮೊದಲ ಕೋಟೆಯಿಂದಲಾ, ಐದು ಸಲ ಬಿದ್ದಾಗಲೂ ಹೇಳುತ್ತಲೇ ಇದ್ದಳಾ, ಇವಳು ಬಾಯಿಯನ್ನೇ ನೋಡಿಕೊಂಡು ಕೂತಿದ್ದಳು, ದಿನವಿಡೀ ಊರಿಗೆಲ್ಲ ಇದರಲ್ಲಿ ಕಾಣತ್ತಾ ಅದರಲ್ಲಾ ಅನ್ನುವ ಮಹಾತಾಯಿ, ಥೂ — ಮತ್ತೆ ಟಿವಿ ಕಡೆ ತಿರುಗಲಿಲ್ಲ, ತನ್ನ ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು ಆ ಹೆಬ್ಬೆರಳನ್ನೇ ನೋಡಿದಳು, ಅದು ಎದ್ದಿತು, ತಡೆಯಿತು, ಒತ್ತಿತು, ಇವಳೂ ಒತ್ತಿದಳು, ಕಾದಳು, ಟುಂಯ್ ಬರಲಿಲ್ಲ, ಟೊಂಯ್ ಬರಲಿಲ್ಲ, ಬೆನ್ನ ಹಿಂದೆ ಬೂಟಿನ ಸದ್ದು ಕಲ್ಲಿಂದ ಕಲ್ಲಿಗೆ ಮೇಲೇರುತ್ತಿದೆ, ಅಜ್ಜಿಯ ಹೆಬ್ಬೆರಳು ಮತ್ತೆ ಎದ್ದಿತು, ಮಡಿಲಲ್ಲಿ ತಂತಿಯ ತುದಿ —