ಎರವಲು ಗಾಡಿ

"ಬೀರಿಗಲ್ಲ ಕಣೇ ಹೆಲ್ಮಿ, ನಿನ್ನ ತಳ್ಳುಗಾಡಿಗೆ ಬಂದೆ," ಅಂದ ಆರ್ವೊ.

ತಕ್ಕಡಿ ಒರೆಸುತ್ತಿದ್ದ ಹೆಲ್ಮಿಯ ಕೈ ನಿಂತಿತು. ಅಂದು ಜಾನಿ ಹಬ್ಬ. ನಡುಬೇಸಗೆಯ ಆ ಸಂಜೆ ಬೀದಿಯವರೆಲ್ಲ ಸೇರಿ ಬೆಂಕಿ ಹಾಕುವುದು, ಬೀರು ಹೆಲ್ಮಿಯ ಅಂಗಡಿಯಿಂದ ಹೋಗುವುದು, ಇವೆರಡೂ ಗಡಿಯೂರು ವಾಲ್ಗದ ಆ ಬೀದಿಯಲ್ಲಿ ಅವಳ ಅಮ್ಮನ ಕಾಲದಿಂದ ಬಂದ ಪದ್ಧತಿ. ಪ್ರತಿ ವರ್ಷ ಕೊಳ್ಳಲು ಬರುವವನು ಈ ಆರ್ವೊನೇ, ಶಾಲೆಯಲ್ಲಿ ಅವಳ ಜಡೆ ಎಳೆಯುತ್ತಿದ್ದವನು.

"ಗಾಡಿ ಯಾಕೆ?" ಗೊತ್ತಿದ್ದೂ ಕೇಳಿದಳು.

"ಲಾಟ್ವಿಯಾದವರ ಅಂಗಡಿಗೆ ಹೋಗ್ಬರ್ತೀವಿ. ಅಲ್ಲಿ ಬೀರಿನ ಮೇಲೆ ತೆರಿಗೆ ಕಮ್ಮಿ. ಹೊತ್ಕೊಂಡು ಬರೋ ವಯಸ್ಸಾ ನಮ್ದು?"

ಗಡಿ ಇದ್ದದ್ದು ಕೂಗಳತೆಯಲ್ಲಿ. ಕಾವಲಿಲ್ಲ, ಗೇಟಿಲ್ಲ.

"ಆ ಬೀರೂ ನಮ್ಮ ತಾರ್ತು ಊರಿನ ಕಾರ್ಖಾನೇದೇ ಅಲ್ವೇನೋ?"

"ಅದೇ ಬೀರು. ಇಲ್ಲಿಂದ ಲಾರೀಲಿ ಹೋಗತ್ತೆ, ಗಾಡೀಲಿ ವಾಪಸ್ ಬರತ್ತೆ. ಪ್ರವಾಸ ಮಾಡಿದ್ದಕ್ಕೆ ಅಗ್ಗ." ಆರ್ವೊ ನಕ್ಕ. ಅವಳು ನಗಲಿಲ್ಲ.

ಅಂಗಡಿಯಲ್ಲಿದ್ದ ಒಂದೇ ಫ್ರಿಜ್ಜು ಬೀರಿನ ಕಂಪನಿಯದು. ಈ ಹಬ್ಬಕ್ಕೂ ಮಾಲು ಹೋಗದಿದ್ದರೆ ಸೋಮವಾರ ಬಂದು ಹೊತ್ತುಕೊಂಡು ಹೋಗುತ್ತೇವೆ ಎಂದು ಅವರು ಹೇಳಿಯಾಗಿತ್ತು. ಅದು ಹೋದರೆ ಹಾಲಿಲ್ಲ, ಬೆಣ್ಣೆಯಿಲ್ಲ. ಬರಿಯ ಬ್ರೆಡ್ಡು, ಬೆಂಕಿಪೊಟ್ಟಣ ಇಟ್ಟುಕೊಂಡು ಯಾವ ಅಂಗಡಿ ನಡೆದೀತು?

"ಅರ್ಧ ಆದ್ರೂ ನನ್ನ ಹತ್ರ ತಗೊಳ್ರೋ," ಅಂದಳು. ಬೇಡಬಾರದು ಅಂದುಕೊಂಡಿದ್ದಳು, ಮಾತು ಜಾರಿಬಿಟ್ಟಿತು.

ಆರ್ವೊ ಟೋಪಿ ತೆಗೆದು ಕೈಯಲ್ಲಿ ಹಿಡಿದ. "ಎಲ್ಲರ ಪಿಂಚಣಿ ದುಡ್ಡು ಕಣೇ. ನನ್ನ ಮಾತು ಯಾರು ಕೇಳ್ತಾರೆ? ನಿನ್ನ ಕಾಲಲ್ಲಿರೋ ಬೂಟು ಎಲ್ಲಿಂದು, ಹೇಳು ನೋಡೋಣ."

ಹೆಲ್ಮಿ ಕಾಲನ್ನು ಸ್ಟೂಲಿನ ಕೆಳಗೆ ಎಳೆದುಕೊಂಡಳು. ಬೂಟು ಗಡಿಯಾಚೆಯದೇ.

"ನೋಡಿದ್ಯಾ? ಫಿನ್‌ಲೆಂಡಿನವರು ಅಗ್ಗ ಅಂತ ಹಡಗು ಹತ್ತಿ ನಮ್ಮ ತಾಲಿನ್ನಿಗೆ ಬರ್ತಾರೆ, ನಾವು ಲಾಟ್ವಿಯಾಕ್ಕೆ ಹೋಗ್ತೀವಿ. ಲಿಥುವೇನಿಯಾದವರು ಮಾಂಸ ತರೋಕೆ ಪೋಲೆಂಡಿಗೆ. ಒಬ್ಬರ ಅಂಗಡಿ ಬಾಗಿಲಿಗೆ ಇನ್ನೊಬ್ಬರು ಬೀಗ ಹಾಕ್ತಾ ಹೋಗೋದು."

"ಕುಡಿತ ಕಮ್ಮಿ ಆಗ್ಲಿ ಅಂತ ತೆರಿಗೆ ಏರಿಸಿದ್ರಂತೆ."

"ಕುಡಿತ ಎಲ್ಲಿ ಕಮ್ಮಿ ಆಯ್ತು? ನಡಿಗೆ ಜಾಸ್ತಿ ಆಯ್ತು ಅಷ್ಟೆ. ಸಾಸೇಜಿಗೆ ಹಚ್ಚೋ ಸಾಸಿವೆ ಮಾತ್ರ ನಿನ್ನ ಹತ್ರಾನೇ ತಗೋತೀನಪ್ಪ," ಎಂದು ಒಂದು ಶೀಶೆಯನ್ನು ತೆಗೆದು ಕಾಸು ಇಟ್ಟ. "ಇಲ್ಲೇ ಇರ್ಲಿ, ಬರ್ತಾ ಒಯ್ತೀನಿ."

ಗಾಡಿ ಹಿತ್ತಿಲಲ್ಲಿತ್ತು. ಅಮ್ಮ ಹಾಲಿನ ಕ್ಯಾನು ತರುತ್ತಿದ್ದ ಗಾಡಿ. ಚಕ್ರ ಕಿರುಗುಟ್ಟುತ್ತಿತ್ತು. ಹೆಲ್ಮಿ ಒಳಗಿಂದ ಎಣ್ಣೆ ತಂದು ತಾನೇ ಬಿಟ್ಟಳು.

ಮಧ್ಯಾಹ್ನವೆಲ್ಲ ಬಾಗಿಲ ಗಂಟೆ ಸದ್ದು ಮಾಡಲಿಲ್ಲ. ಗಾಜಿನಾಚೆ ಗುರುತಿನ ಮುಖಗಳೇ ಗಡಿಯ ಕಡೆ ಹೋದವು, ಚೀಲ ತುಂಬಿಕೊಂಡು ಬಂದವು. ಅಂಗಡಿಯೆದುರು ಬಂದಾಗ ಎಲ್ಲರಿಗೂ ರಸ್ತೆಯ ಆ ಬದಿಯಲ್ಲೇ ಏನೋ ನೋಡುವುದಿತ್ತು.

ಸಂಜೆ ಖಾಲಿ ಗಾಡಿಯನ್ನು ಹಿತ್ತಿಲಲ್ಲಿ ಬಿಟ್ಟು ಆರ್ವೊ ಬಾಗಿಲಲ್ಲಿ ಇಣುಕಿದ.

"ಎಣ್ಣೆ ಬಿಟ್ಟಿದ್ದು ಒಳ್ಳೇದಾಯ್ತು, ಬೆಣ್ಣೆ ಥರ ಓಡಿತು. ತಗೋ, ಗಾಡಿ ಬಾಡಿಗೆ." ಒಂದು ಬೀರಿನ ಕ್ಯಾನನ್ನು ಅವಳ ಮುಂದಿಟ್ಟ. "ಬೆಂಕಿ ಹತ್ರ ಬರ್ತೀಯ ತಾನೆ?"

"ನೋಡ್ತೀನಿ."

"ಬಾರೇ. ನೀನಿಲ್ದೆ ಯಾವ ಹಬ್ಬ?"

ಅವನು ಹೊರಟುಹೋದ. ಸಾಸಿವೆ ಶೀಶೆ ಅಲ್ಲೇ ಉಳಿಯಿತು. ಹೆಲ್ಮಿ ಕ್ಯಾನನ್ನು ಎತ್ತಿಕೊಂಡು ಫ್ರಿಜ್ಜಿನ ಬಾಗಿಲು ತೆಗೆದಳು. ಮೇಲಿನ ಅರೆಯಲ್ಲಿ ಮಾರಾಟವಾಗದ ಕ್ಯಾನುಗಳನ್ನು ಸರಿಸಿ ನೋಡಿದಳು, ಕೆಳಗಿನದರಲ್ಲಿ ಒತ್ತಿ ನೋಡಿದಳು. ಎಲ್ಲೂ ಜಾಗವಿರಲಿಲ್ಲ.