ಖುರ್ಷಿದಾ ಮಿಸ್‌ಗೆ ಅಂಟಿಸಿದ ಗಂಡಸರು

ಗಂಗಾಂಬಿಕೆ ಹದಿನಾರು ವರ್ಷದ ಹಿಂದೆ ಬರೆದ ಕಾದಂಬರಿಯಲ್ಲಿ ಖುರ್ಷಿದಾ ಮಿಸ್‌ಗೆ ಗಂಡನೇ ಇರಲಿಲ್ಲ. ತುಮಕೂರಿನ ಒಂದು ಮಹಡಿ ಕೋಣೆಯಲ್ಲಿ ಏಳು ಟೈಪ್‌ರೈಟರ್ ಇಟ್ಟುಕೊಂಡು, ಕೀಲಿಗಳ ಮೇಲೆ ಬಟ್ಟೆ ಹೊದಿಸಿ, ನೋಡದೆ ಹೊಡೆಯುವುದನ್ನು ಊರಿನ ಹುಡುಗಿಯರಿಗೆ ಕಲಿಸುತ್ತಿದ್ದಳು. ಅಷ್ಟೇ. ಕಥಾನಾಯಕಿ ಒಂದು ದಿನ ತಡೆಯಲಾರದೆ, "ನೀವ್ಯಾಕೆ ಮಿಸ್ ಮದುವೆ ಆಗ್ಲಿಲ್ಲ?" ಎಂದು ಕೇಳಿಬಿಡುತ್ತಾಳೆ. "ಕಣ್ಣು ಪೇಪರ್ ಮೇಲಿರಲಿ," ಎನ್ನುತ್ತಾಳೆ ಮಿಸ್. ಇಡೀ ಪುಸ್ತಕದಲ್ಲಿ ನಿಜವಾಗಿ ಚೆನ್ನಾಗಿ ಬಂದದ್ದು ಆ ಪುಟವೊಂದೇ ಎಂದು ಗಂಗಾಂಬಿಕೆಗೆ ಗೊತ್ತಿತ್ತು.

ಪುಸ್ತಕಕ್ಕೆ ಕೈಹಾಕಿದವರಿಗೆಲ್ಲ ಅದೇ ಪುಟ ಹಲ್ಲಿಗೆ ಸಿಕ್ಕ ನಾರಿನಂತೆ ಕಾಡಿತು.

ಮೊದಲು ಗುಬ್ಬಿಯ ಒಂದು ನಾಟಕ ತಂಡ. ಅವರು ಮಿಸ್‌ಗೊಬ್ಬ ಗಂಡನನ್ನು ಕೊಟ್ಟು, ಲಾರಿಗೆ ಸಿಕ್ಕಿಸಿ ಸಾಯಿಸಿದರು. ಎರಡನೇ ಅಂಕದಲ್ಲಿ ಬಿಳಿ ಸೀರೆ ಉಡಿಸಿ, ಖುರ್ಷಿದಾಳ ಹಣೆಯ ಕುಂಕುಮವನ್ನು ಅಳಿಸಿದರು. ಅವಳು ಹುಟ್ಟಿದಂದಿನಿಂದ ಇಡದ ಕುಂಕುಮ! ಮುಂದಿನ ಸಾಲಿನವರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾಟಕದ ಮೇಷ್ಟ್ರು ಕದರಯ್ಯನನ್ನು ಗಂಗಾಂಬಿಕೆ ಕೇಳಿಯೇಬಿಟ್ಟಳು.

"ಅಯ್ಯೋ ಬುಡಿ ಮೇಡಂ, ಹಣೆ ಅಳಿಸ್ದೆ ಹೋದ್ರೆ ವಿಧವೆ ಅಂತ ಜನಕ್ಕೆ ಹೆಂಗೆ ಗೊತ್ತಾಯ್ತದೆ?"

ಆಮೇಲೆ ಬಂದ ಧಾರಾವಾಹಿ ಆ ಸತ್ತವನನ್ನು ಎಬ್ಬಿಸಿ ತಂದು, ಅವನ ಕೈಯಲ್ಲಿ ಫೋನಿನಲ್ಲೇ ತಲಾಖ್ ಹೇಳಿಸಿತು. ಖುರ್ಷಿದಾ ನೂರಾನಲವತ್ತು ಕಂತು ಅತ್ತಳು. ಹತ್ತನೆಯ ಕಂತಿನ ಹೊತ್ತಿಗೇ ಟೈಪ್‌ರೈಟರುಗಳು ಮಾಯವಾಗಿದ್ದವು. ಅಳುವವಳಿಗೆ ಕಸುಬು ಯಾಕೆ?

ಈಗ ಸಿನಿಮಾ. ನಿರ್ದೇಶಕ ಸೋಮಶೇಖರ್ ಗಂಡನನ್ನು ಪೂರ್ತಿ ಕೈಬಿಟ್ಟು ಒಬ್ಬ ಪ್ರಿಯಕರನನ್ನು ಹುಡುಕಿದ್ದ. ಅವನು ಹುತ್ರಿದುರ್ಗದ ಬಂಡೆಯಿಂದ ಜಾರಿ ಬಿದ್ದು ಸಾಯುತ್ತಾನೆ. ಪ್ರಕಾಶಕ ಪರಮಶಿವಯ್ಯನಿಗೆ ಇದು ಬಹಳ ಹಿಡಿಸಿತ್ತು. ಹನ್ನೆರಡು ವರ್ಷದಿಂದ ಅಚ್ಚಿನಲ್ಲಿಲ್ಲದ ಕಾದಂಬರಿಯನ್ನು ಸಿನಿಮಾದ ಮುಖಪುಟ ಹಾಕಿ ಮತ್ತೆ ತರುತ್ತೇನೆ ಎಂದ. ಷರತ್ತು ಒಂದೇ: ಆ ಪ್ರಿಯಕರನ ಮೇಲೆ ಒಂದು ಅಧ್ಯಾಯ ಸೇರಬೇಕು. ಸಿನಿಮಾ ನೋಡಿ ಬಂದವರು ಪುಸ್ತಕದಲ್ಲಿ ಅವನನ್ನು ಹುಡುಕಿ ಪೆಚ್ಚಾಗಬಾರದಂತೆ.

ಗಂಗಾಂಬಿಕೆ ಆಗುವುದಿಲ್ಲ ಎನ್ನಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುವ ವಿಷಯ ಅದೇ. ಪುಸ್ತಕ ಮತ್ತೆ ಅಂಗಡಿಗೆ ಬರುತ್ತದೆಂಬ ಆಸೆಗೆ, ಸದಾಶಿವನಗರದ ತನ್ನ ಮನೆಯಲ್ಲಿ ಎರಡು ಮಧ್ಯಾಹ್ನ ಕೂತು ನಾಲ್ಕು ಪುಟ ಬರೆದಳು. ಆ ಹುಡುಗನಿಗೆ ಗುಂಗುರು ಕೂದಲು ಕೊಟ್ಟಳು, ಜೇಬಿಗೊಂದು ಬಾಚಣಿಗೆಯನ್ನೂ. ಸಲೀಸಾಗಿ ಬಂತು. ಕದರಯ್ಯನನ್ನು ಇಷ್ಟು ವರ್ಷ ಆಡಿಕೊಂಡಿದ್ದ ತಾನು ಅವನಿಗಿಂತ ಬೇಗ ಬರೆದು ಮುಗಿಸಿದ್ದು ಕಂಡು ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಆ ಪುಟಗಳನ್ನು ಚೀಲಕ್ಕೆ ಹಾಕಿಕೊಂಡು ಕುಣಿಗಲ್ ಬಸ್ಸು ಹತ್ತಿದಳು.

ಚಿತ್ರೀಕರಣ ಕುಣಿಗಲ್‌ನ ಒಂದು ಹೆಂಚಿನ ಮನೆಯಲ್ಲಿ ನಡೆದಿತ್ತು. ಖುರ್ಷಿದಾಳ ಪಾತ್ರದ ಮಾಲಿನಿ ಟೈಪ್‌ರೈಟರಿನ ಮುಂದೆ ಕೂತು, ಬಗ್ಗಿ ಬಗ್ಗಿ ಅಕ್ಷರ ಹುಡುಕುತ್ತ, ಎರಡೇ ಬೆರಳಲ್ಲಿ ಕುಟ್ಟುತ್ತಿದ್ದಳು. ಕೆನ್ನೆಯ ಮೇಲೆ ಗ್ಲಿಸರಿನ್ ಹೊಳೆಯುತ್ತಿತ್ತು. ಇಷ್ಟು ಜನ ಸೇರಿ ಇವಳಿಗೆ ಮೂರು ಸಲ ಗಂಡಸನ್ನು ಕೊಟ್ಟರು, ಹತ್ತು ಬೆರಳು ಕೊಡಲಿಲ್ಲವಲ್ಲ ಎನ್ನಿಸಿತು ಗಂಗಾಂಬಿಕೆಗೆ.

"ಸೂಪರಾಗಿದೆ ಅಲ್ವಾ ಮೇಡಂ?" ಎಂದು ಸೋಮಶೇಖರ್ ಕುರ್ಚಿ ಎಳೆದುಕೊಟ್ಟ. "ನಿಮ್ ಬುಕ್ಕಲ್ಲಿ ಅದೊಂದೇ ವೀಕಾಗಿತ್ತು. ಆಯಮ್ಮ ಯಾಕೆ ಹಿಂಗಾದ್ಲು ಅಂತ ರೀಸನ್ನೇ ಇರ್ಲಿಲ್ಲ."

"ಹಿಂಗೆ ಅಂದ್ರೆ?"

"ಅದೇ... ಒಂಟಿಯಾಗಿ, ಊರ್ ಹುಡ್ಗೀರಿಗೆಲ್ಲ ಕಲಿಸ್ಕೊಂಡು..."

"ನೀವ್ಯಾಕೆ ಡೈರೆಕ್ಟರ್ ಆದ್ರಿ?"

"ನಾನಾ? ಚಿಕ್ಕೋನಿದ್ದಾಗ್ಲಿಂದ ಇಷ್ಟ ಮೇಡಂ."

"ಅಷ್ಟೇನಾ? ಯಾರೂ ಸಾಯ್ಲಿಲ್ವಾ?"

ಸೋಮಶೇಖರ್ ಗಟ್ಟಿಯಾಗಿ ನಕ್ಕ. "ಒಳ್ಳೇ ತಮಾಷೆ ಮಾಡ್ತೀರಪ್ಪ ನೀವು. ನಂದು ಬೇರೆ ಬಿಡಿ."

ಬೇರೆ ಎಂದು ಅವನು ನಿಜವಾಗಿಯೂ ನಂಬಿದ್ದ. ಆ ನಗುವಿನಲ್ಲಿ ಎಳ್ಳಷ್ಟೂ ಕೆಡುಕು ಇರಲಿಲ್ಲ. ಗಂಗಾಂಬಿಕೆಗೆ ಸಹಿಸಲಾಗದ್ದು ಅದೇ. ಗಂಡಸು ತನಗೆ ಇಷ್ಟವಾದದ್ದನ್ನು ಸುಮ್ಮನೆ ಮಾಡಬಹುದು. ಹೆಂಗಸು ಒಂದು ಕೆಲಸವನ್ನು ಪ್ರೀತಿಯಿಂದ ಮಾಡಬೇಕಾದರೆ ಮೊದಲು ಒಂದು ಹೆಣ ಬೀಳಬೇಕು.

ಪರಮಶಿವಯ್ಯ ಕಾಫಿ ಲೋಟ ಹಿಡಿದು ಹತ್ತಿರ ಬಂದ. "ಚಾಪ್ಟರ್ ತಂದ್ರಾ ಮೇಡಂ? ಪ್ರೆಸ್‌ನೋನು ಪ್ರಾಣ ತಿಂತಾವ್ನೆ."

ಅವಳ ಕೈ ಚೀಲದ ಜಿಪ್ಪಿನವರೆಗೆ ಹೋಗಿ ನಿಂತಿತು.

"ಬರ್ದಿದ್ದೆ. ಕೊಡಲ್ಲ."

"ಯಾಕೆ? ಕರೆಕ್ಷನ್ ಇದ್ರೆ ನಮ್ ಹುಡುಗರೇ ಮಾಡ್ತಾರೆ ಕೊಡಿ."

"ಕರೆಕ್ಷನ್ನೇನೂ ಇಲ್ಲ, ಪರಮಶಿವಯ್ಯನೋರೆ. ನೀವು ಕೇಳಿದ್ ಹಂಗೇ ಬಂದಿದೆ. ಅದ್ಕೇ ಕೊಡಲ್ಲ."

ಅವನು ಸಿಟ್ಟಾಗಲಿಲ್ಲ. ಕಾಫಿಯನ್ನು ನಿಧಾನವಾಗಿ ಕುಡಿದ. "ನೋಡಿ, ಚಾಪ್ಟರ್ ಇಲ್ದೆ ನಾನು ಪ್ರಿಂಟ್ ಹಾಕಲ್ಲ. ಸಿನಿಮಾ ಹೆಂಗೂ ಬರುತ್ತೆ, ಮುಂಚೇನೇ ಸೈನ್ ಹಾಕ್ಕೊಟ್ಟಿದೀರಿ. ಪುಸ್ತಕ ಮಾತ್ರ ಹೋಯ್ತದೆ ಕಣಮ್ಮ. ಆಮೇಲೆ ನನ್ ಬೈಬೇಡಿ."

"ಬೈಯಲ್ಲ."

"ಗೋಡೌನಲ್ಲಿ ಹಳೇದು ಇಪ್ಪತ್ತೆರಡು ಕಾಪಿ ಬಿದ್ದವೆ. ತೂಕಕ್ಕೆ ಹಾಕೋಣ ಅಂತಿದ್ದೆ."

"ಮನೆಗೆ ಕಳಿಸಿ."

"ಒಂದೆರಡಕ್ಕೆ ಗೆದ್ಲು ಹಿಡಿದಿದೆ."

"ಅವನ್ನೂ ಕಳಿಸಿ," ಎಂದು ಗಂಗಾಂಬಿಕೆ ಕುರ್ಚಿಯಿಂದ ಎದ್ದಳು.