ಅತ್ತೆ ಇನ್ನೂ ತಿನ್ನುತ್ತಿದ್ದಾರೆ

ಬಾತುಕೋಳಿಗೆ ಏಳುನೂರು, ಸಿಗಡಿಗೆ ನಾನೂರೈವತ್ತು, ಹಂದಿಮಾಂಸಕ್ಕೆ ಮುನ್ನೂರು. ಹುಯಿಚಿನ್ ಮನಸ್ಸಿನಲ್ಲೇ ಕೂಡಿಸುತ್ತ ಕೊನೆಯ ತಟ್ಟೆಯನ್ನು ಅತ್ತೆಯ ಶವಪೆಟ್ಟಿಗೆಯ ಮುಂದಿಡುವಷ್ಟರಲ್ಲಿ, ಗಂಡ ವೆನ್‌ಖೈ ಎಸೆದ ಎರಡು ನಾಣ್ಯಗಳು ಸಿಮೆಂಟಿನ ಮೇಲೆ ಕುಣಿದು ಮಲಗಿದವು. ಎರಡರದೂ ತಲೆ ಮೇಲೆ.

"ನಗ್ತಿದಾಳೆ," ಅಂದ ಕುನ್‌ಷಾನ್ ಮಾವ. "ಅವಳಿಗೆ ಸಾಕಾಗಿಲ್ಲ. ಇನ್ನೊಂದ್ಸಲ ಕೇಳು."

ಒಂದು ತಲೆ, ಒಂದು ಅಂಕೆ ಬಿದ್ದರೆ ಸತ್ತವರು ಉಂಡು ತೃಪ್ತರಾದರು ಎಂದು ಲೆಕ್ಕ. ಎರಡೂ ಒಂದೇ ಆದರೆ ಇಲ್ಲ. ವೆನ್‌ಖೈ ಮತ್ತೆ ಎಸೆದ. ಎರಡೂ ಅಂಕೆ.

"ನೋಡು, ಈಗ ಸಿಟ್ಟೇ ಬಂತು."

ಕುನ್‌ಷಾನ್, ಸತ್ತ ಅತ್ತೆ ಪಾವ್‌ಲಿಯೆನ್‌ಳ ತಮ್ಮ. ತವರಿನವನು ಪೆಟ್ಟಿಗೆಯ ಮುಚ್ಚಳಕ್ಕೆ ಮೊಳೆ ಹೊಡೆಯದೆ ಹೆಣ ಏಳುವಂತಿಲ್ಲ. ಓಣಿಗೆ ಅಡ್ಡಲಾಗಿ ಹಾಕಿದ ಶಾಮಿಯಾನದ ಕೆಳಗೆ, ಕೆಂಪು ಬಟ್ಟೆ ಕಟ್ಟಿದ ಸುತ್ತಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನು ಪ್ಲಾಸ್ಟಿಕ್ ಸ್ಟೂಲಿನಲ್ಲಿ ಗಟ್ಟಿಯಾಗಿ ಕೂತಿದ್ದ.

"ನಮ್ಮಕ್ಕ ಹಸ್ಕೊಂಡು ಹೋಗ್ತಾಳೆ ಅಂದ್ರೆ ನಾನು ಮೊಳೆ ಮುಟ್ಟಲ್ಲ. ಈ ಮನೇಲಿ ಯಾರೋ ಅವಳ ಹೊಟ್ಟೆ ಉರಿಸಿದಾರೆ. ಯಾರು ಅಂತ ಇಡೀ ಓಣಿಗೆ ಗೊತ್ತಾಗ್ಲಿ."

ಅವನು ಸೊಸೆಯ ಕಡೆ ನೋಡಲಿಲ್ಲ. ಉಳಿದವರೆಲ್ಲ ನೋಡಿದರು.

"ಹೊತ್ತು ಮೀರ್ತಿದೆ ಯಜಮಾನ್ರೇ," ಅಂದ ಪುರೋಹಿತ, ಮೊಬೈಲ್ ತೆಗೆದು ನೋಡುತ್ತ.

"ಒಂದು ಸಿಗರೇಟ್ ಇಡಿ," ಅಂದಳು ಪಕ್ಕದ ಮನೆಯ ಮುದುಕಿ. "ಕದ್ದು ಸೇದೋಳು. ನನಗ್ಗೊತ್ತು, ನನ್ನ ಪ್ಯಾಕೆಟ್ಟಿಂದಾನೇ."

ಸಿಗರೇಟು ಇಟ್ಟರು. ಎರಡೂ ತಲೆ.

"ಹಲ್ಲಿನ ಸೆಟ್ ಹಾಕಿದೀರಾ?" ಕೇಳಿದಳು ಸತ್ತವಳ ಮಗಳು ಮಿಂಗ್‌ಚು.

"ಬೆಳಿಗ್ಗೆ ನಾನೇ ಹಾಕ್ದೆ," ಅಂದಳು ಹುಯಿಚಿನ್.

"ಅದಕ್ಕೇ ಮತ್ತೆ!" ಮಾವ ತೊಡೆ ತಟ್ಟಿದ. "ಹಲ್ಲು ಕೊಟ್ಟು, ಬೆಣ್ಣೆ ಹಾಗೆ ಬೆಂದಿರೋ ಬಾತುಕೋಳಿ ಇಟ್ರೆ? ಕಟಂ ಅನ್ನೋದು ಏನೋ ಕೇಳ್ತಿದಾಳೆ."

ಎಲ್ಲರೂ ನಕ್ಕರು. ಹುಯಿಚಿನ್ ಕೈಚೀಲವನ್ನು ಕಂಕುಳಿಗೆ ಒತ್ತಿಕೊಂಡಳು.

*

ಹುಯಿಚಿನ್ ಮಗಳನ್ನು ಹೆತ್ತಾಗ ಅತ್ತೆ ಎಳ್ಳೆಣ್ಣೆ ಹಾಕಿ ಬಾಣಂತಿಯ ಕೋಳಿಸಾರು ಮಾಡಿದ್ದಳು. ತೊಡೆ, ಎದೆ ಎಲ್ಲ ಮಗನ ಬಟ್ಟಲಿಗೆ ಹೋದವು. "ಹೆಣ್ಣು ಹೆತ್ತೋಳಿಗೆ ಕುತ್ತಿಗೆ ಸಾಕು," ಅಂದಿದ್ದಳು. ಆ ಕುತ್ತಿಗೆ ಒಂದು ದಿನಕ್ಕೆ ಮುಗಿಯಲಿಲ್ಲ. ಅಡುಗೆಮನೆ ಅತ್ತೆಯ ಕೈಯಲ್ಲಿದ್ದಷ್ಟು ವರ್ಷವೂ ಸೊಸೆಯ ಪಾಲು ಅದೇ ಆಗಿತ್ತು.

ಆಮೇಲೆ ಅತ್ತೆಗೆ ಲಕ್ವ ಹೊಡೆಯಿತು. ಬೀರುವಿನ ಬೀಗದ ಕೈ ಕೇಳದೆಯೇ ಸೊಸೆಗೆ ಬಂತು.

ಹುಯಿಚಿನ್ ಮೊದಲು ಕೊಂಡದ್ದು ಒಂದು ಡಬ್ಬಿ ಕಪ್ಪು ಚಾಕೊಲೇಟು. ಒಂದೊಂದು ಬಿಲ್ಲೆಯೊಳಗೂ ಸಿಪ್ಪೆ ತೆಗೆದು ಹುರಿದ ಒಂದು ಬಾದಾಮಿ. ರಾತ್ರಿ ಪಾತ್ರೆ ತೊಳೆದು, ಫ್ಯಾನ್ ಹಾಕಿಕೊಂಡು, ಒಂದೇ ಒಂದನ್ನು ನಾಲಿಗೆಯ ಮೇಲಿಟ್ಟುಕೊಳ್ಳುವಳು. ಮೊದಲು ಕಹಿ, ಆಮೇಲೆ ನಿಧಾನವಾಗಿ ಎಲ್ಲಿಂದಲೋ ಸಿಹಿ, ಕಡೆಗೆ ಬಾದಾಮಿ. ಆ ಮನೆಯಲ್ಲಿ ತನ್ನದು ಎಂದು ಅವಳಿಗೆ ಇದ್ದದ್ದು ಅಷ್ಟೇ.

ಗಾಲಿಕುರ್ಚಿಯಿಂದ ಒಂದು ಕೈ ಚಾಚುತ್ತಿತ್ತು. ಸಂತೆಯಲ್ಲಿ ನಲವತ್ತು ವರ್ಷ ಮೀನಿನ ಉಂಡೆ ಕಟ್ಟಿ ಮಾರಿದ, ಇಬ್ಬರು ಮಕ್ಕಳನ್ನು ಒಬ್ಬಂಟಿಯಾಗಿ ಸಾಕಿದ ಕೈ.

"ಒಂದು ಕೊಡೇ."

"ನಿಮಗೆ ಸಕ್ಕರೆ ಕಾಯಿಲೆ ಅತ್ತೆ. ಡಾಕ್ಟ್ರು ಬೈತಾರೆ."

ಡಾಕ್ಟರು ಹೇಳಿದ್ದೇ ಬೇರೆ. "ದಿನಕ್ಕೊಂದು ಕೊಡಿ, ಏನೂ ಆಗಲ್ಲ. ಆಸೆ ಪಡ್ತಾರೆ, ಪಾಪ." ಅದನ್ನು ಕೇಳಿಸಿಕೊಂಡವಳು ಹುಯಿಚಿನ್ ಒಬ್ಬಳೇ. ಅವಳು ಯಾರಿಗೂ ಹೇಳಲಿಲ್ಲ. ಅಂದಿನಿಂದ ಒಂದು ಹೊಸ ಪದ್ಧತಿ ಮಾಡಿಕೊಂಡಳು. ಡಬ್ಬಿ ತೆರೆಯುವ ಮೊದಲು ಅತ್ತೆಯ ಹಲ್ಲಿನ ಸೆಟ್ ತೆಗೆದು ನೀರಿನ ಲೋಟಕ್ಕೆ ಹಾಕುವುದು. ಆಮೇಲೆ ಪಕ್ಕದಲ್ಲೇ ಕೂತು ಬಾದಾಮಿ ಕಡಿಯುವುದು. ಕಟಂ.

"ನಾಳೆ ನೋಡೋಣ ಅತ್ತೆ."

ಸಾಯುವ ಹಿಂದಿನ ರಾತ್ರಿಯೂ ಅದನ್ನೇ ಅಂದಿದ್ದಳು.

*

ನಾಣ್ಯ ಮತ್ತೆ ಬಿತ್ತು. ಎರಡೂ ತಲೆ.

"ಅತ್ತಿಗೆ, ಅಮ್ಮನ ಜೊತೆ ಇದ್ದೋರು ನೀವು," ಅಂದಳು ಮಿಂಗ್‌ಚು. "ಏನಿಷ್ಟ ಅಂತ ನಿಮಗಲ್ದೆ ಇನ್ಯಾರಿಗೆ ಗೊತ್ತಿರುತ್ತೆ?"

ಮಾವ ಈಗ ನೇರವಾಗಿ ಅವಳನ್ನೇ ನೋಡುತ್ತಿದ್ದ. ಹುಯಿಚಿನ್ ಚೀಲ ತೆರೆದು ಡಬ್ಬಿ ತೆಗೆದಳು. ಬಾತುಕೋಳಿಯ ಪಕ್ಕ ಇಟ್ಟಳು.

"ರಾತ್ರಿ ಕೆಲಸ ಎಲ್ಲ ಆದ್ಮೇಲೆ ಇಬ್ರೂ ಕೂತು ತಿಂತಿದ್ವಿ," ಅಂದಳು. "ನಾನೇ ಬಾಯಿಗೆ ಇಡ್ತಿದ್ದೆ."

ಅವಳ ದನಿ ನಡುಗಲಿಲ್ಲ. ವೆನ್‌ಖೈ ನಾಣ್ಯ ಎಸೆದ.

ಒಂದು ತಲೆ. ಒಂದು ಅಂಕೆ.

ಶಾಮಿಯಾನವೇ ಉಸಿರು ಬಿಟ್ಟಂತಾಯಿತು. ಮಿಂಗ್‌ಚು ಅತ್ತಿಗೆಯನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಡಬ್ಬಿಯನ್ನು ಪೆಟ್ಟಿಗೆಯೊಳಗೆ ಅಮ್ಮನ ಬಲಗೈ ಪಕ್ಕ ಇಟ್ಟಳು. ಮಾವ ಎದ್ದು ಬಂದ. "ತಪ್ಪು ತಿಳ್ಕೊಂಡಿದ್ದೆ ಕಣಮ್ಮ. ಹೊಟ್ಟೇಲಿ ಹುಟ್ಟಿದ ಮಗಳೂ ಇಷ್ಟು ಮಾಡಲ್ಲ," ಅಂದು ಸುತ್ತಿಗೆ ಎತ್ತಿದ. ಪ್ರತಿ ಏಟಿಗೂ ಹುಯಿಚಿನ್ ಕಣ್ಣು ಮುಚ್ಚಿ ತೆರೆದಳು. ಜನ ಅದನ್ನು ದುಃಖ ಅಂದುಕೊಂಡರು.

"ನೂರನೇ ದಿನದ ತನಕ ಸಂಜೆ ಎಡೆಗೆ ಇದನ್ನೇ ಇಡಿ ಅತ್ತಿಗೆ," ಅಂದಳು ಮಿಂಗ್‌ಚು ಮೂಗು ಒರೆಸಿಕೊಳ್ಳುತ್ತ. "ನಮ್ಮನೆ ಹಿಂದಿನ ಓಣಿ ತಾನೇ, ದಿನಾ ನಾನೂ ಬಂದು ಕೂತ್ಕೋತೀನಿ. ಅಮ್ಮ ಮುಗಿಸೋವರೆಗೂ ಮನೇಲಿ ಯಾರೂ ಚಾಕೊಲೇಟ್ ಮುಟ್ಟೋದು ಬೇಡ."

*

ಸಂಜೆ ಅತ್ತೆ ಫೋಟೋ ಆಗಿ ಮನೆಗೆ ಬಂದಳು. ಹಲ್ಲು ಕಟ್ಟಿಸಿದ ವರ್ಷ ತೆಗೆಸಿದ ಚಿತ್ರ, ಬಾಯ್ತುಂಬ ನಗು. ಪಾತ್ರೆ ತೊಳೆದು ಬಂದ ಹುಯಿಚಿನ್ ಹೊಸದಾಗಿ ಕೊಂಡ ಡಬ್ಬಿಯಿಂದ ಒಂದು ಬಿಲ್ಲೆಯನ್ನು ತಟ್ಟೆಯಲ್ಲಿಟ್ಟು ಮುಂದೆ ಕೂತಳು. ಮೇಣದಬತ್ತಿಯ ಕಾವಿಗೆ ಅದು ಮೆತ್ತಗಾಗಿ ಘಮ ಬಿಟ್ಟಿತು. ಅವಳ ಬಾಯಲ್ಲಿ ನೀರೂರಿತು. ನುಂಗಿಕೊಂಡಳು.

"ಆಯ್ತಾ ಅತ್ತೆ?"

ನಾಣ್ಯ ಎಸೆದಳು. ಎರಡೂ ತಲೆ.

"ಇನ್ನೂ ತಿಂತಿದಾಳೆ," ಅಂದಳು ಮಿಂಗ್‌ಚು ಖುಷಿಯಿಂದ. "ನಿಧಾನಕ್ಕೆ ತಿನ್ಲಿ, ಪಾಪ. ಕೂತ್ಕೊಳ್ಳಿ."

ಹುಯಿಚಿನ್‌ಗೆ ಓಣಿಯಲ್ಲಿ ಒಳ್ಳೆಯ ಸೊಸೆ ಎಂಬ ಹೆಸರು ಬಂದಿತ್ತು. ರಾತ್ರಿಯ ಒಂದು ಬಿಲ್ಲೆ ಹೋಗಿತ್ತು.

ಅವಳು ಬಗ್ಗಿ ನಾಣ್ಯ ಆರಿಸಿಕೊಂಡಳು. ತಟ್ಟೆಯಲ್ಲಿ ಚಾಕೊಲೇಟು ಕರಗಿ ಹರಡಿ, ನಡುವೆ ಬಾದಾಮಿ ಬೆಳ್ಳಗೆ, ಒಂದೇ ಒಂದು ಹಲ್ಲಿನಂತೆ ಎದ್ದು ಕಾಣುತ್ತಿತ್ತು.